ಬಾಸ್ ಈಜಿಪ್ಟಿನವರು, ಮನೆ ಓನರ್ ಆರ್ಮೇನಿಯನ್: ಓದಿದೋರಿಗೆ ಸಾಲ, ಓದದೋರಿಗೆ ಮೂರು ಮನೆ ಹೇಗೆ?

ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯೋರು, ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್‌ಗೆ ಬಂದು 5 ವರ್ಷ ಆಯ್ತು. ಯಜಮಾನ್ರದ್ದು ಎಚ್-1ಬಿ ಕೆಲಸದ ವೀಸಾ, ನಂದು ಎಚ್-4 ಇಎಡಿ, ಅಂದ್ರೆ ಅವರ ಹೆಂಡ್ತಿ ಅಂತ ಸಿಕ್ಕಿರೋ ಕೆಲಸದ ಪರ್ಮಿಟ್. ಊರಲ್ಲಿ 2013ರಲ್ಲಿ ಬಿ.ಫಾರ್ಮ್, ಆಮೇಲೆ ಎಂ.ಫಾರ್ಮ್ ಮಾಡಿದೀನಿ, ಇಲ್ಲಿ ಒಂದು ಸಣ್ಣ ಫಾರ್ಮಸಿಲಿ ಟೆಕ್ನಿಷಿಯನ್. ಬಾಸ್ ಈಜಿಪ್ಟಿನ ಕಾಪ್ಟಿಕ್ ಕ್ರಿಶ್ಚಿಯನ್, ಅವರೂ ಅಲ್ಲೇ ಫಾರ್ಮಸಿ ಓದಿದೋರು, ಹೆಂಡ್ತಿ ಕೈರೋದಲ್ಲಿ ಡಾಕ್ಟರ್ ಆಗಿದ್ರಂತೆ, ಇಲ್ಲಿ ಕೌಂಟರ್ ನೋಡ್ಕೋತಾರೆ. ದಿನಕ್ಕೆ 12 ಗಂಟೆ ದುಡಿದ್ರೂ ಬಾಯಿ ಬಿಟ್ರೆ ಸಾಲದ ಮಾತೇ. ನಮ್ಮ ಮನೆ ಓನರ್ ಆರ್ಮೇನಿಯನ್, ಹೈಸ್ಕೂಲ್ ದಾಟಿದಾರೋ ಇಲ್ವೋ, ಆದ್ರೆ ಮೂರು ಮನೆ, ಡೌನ್‌ಟೌನಲ್ಲಿ ಚಿನ್ನದ ಕೆಲಸದ ಅಂಗಡಿ, ಮಗನಿಗೆ ಬಿಎಂಡಬ್ಲ್ಯೂ. ಒಬ್ರು ಹೇಳ್ತಾರೆ ಆರ್ಮೇನಿಯನ್ನರಿಗೆ ವ್ಯಾಪಾರ ರಕ್ತದಲ್ಲೇ ಇದೆ ಅಂತ, ಇನ್ನೊಬ್ರು ಅದೆಲ್ಲಾ ಸರ್ಕಾರದ ದುಡ್ಡು ಅಂತ. ಈಗ ಓನರ್ ಸಂಬಂಧಿಕರೊಬ್ರು ಬೇಕರಿಲಿ 60 ಸಾವಿರ ಡಾಲರಿಗೆ ಪಾಲು ಕೊಡ್ತೀನಿ ಅಂತಿದಾರೆ. ಬಾಸ್ ಹೆಂಡ್ತಿ ನೋಡಿದ್ರೆ ಗಮೆಯ್ಯಾ ಅನ್ನೋ ಚೀಟಿಗೆ ಸೇರು ಅಂತ ಗಂಟುಬಿದ್ದಿದಾರೆ. ಓದನ್ನ ನಂಬ್ಕೊಂಡು ಲೈಸೆನ್ಸ್ ಪರೀಕ್ಷೆ ಬರೀಲಾ, ಇಲ್ಲ ಬೇಕರಿಗೆ ದುಡ್ಡು ಹಾಕ್ಲಾ?

ಉತ್ತರ: ನೀವು ಕೇಳಿರೋದು ಎರಡು ಜನಾಂಗದ ಬಗ್ಗೆ ಆದ್ರೂ ಒಳಗಿರೋ ಪ್ರಶ್ನೆ, ನಾನು ಓದಿದ್ದು ದಂಡ ಆಯ್ತಾ ಅನ್ನೋದು. ಅದಕ್ಕೆ ಕೊನೆಗೆ ಬರ್ತೀನಿ. ನಾನು ಈ ಊರಲ್ಲಿ ಇಪ್ಪತ್ತು ವರ್ಷದಿಂದ ಟ್ಯಾಕ್ಸ್, ಅಕೌಂಟ್ಸ್ ಕೆಲಸ ಮಾಡ್ಕೊಂಡಿರೋನು, ಎರಡೂ ಕಡೆಯೋರು ನನ್ನ ಕ್ಲೈಂಟ್ಸ್. ಬೀದಿಲಿ ನಿಂತು ನೋಡಿದ್ರೆ ಕಾಣೋದು ಕಾರು, ಮನೆ. ನಂಗೆ ಕಾಣೋದು ಅವರ ಫೈಲು. ಫೈಲಲ್ಲಿ ರಕ್ತದ ಗುಣ ಎಲ್ಲೂ ಬರೆದಿರಲ್ಲ. ಯಾವ ವರ್ಷ ಬಂದ್ರು, ಯಾವ ವೀಸಾದಲ್ಲಿ ಬಂದ್ರು, ಬಂದಾಗ ಕೈಲಿ ಏನಿತ್ತು, ಇಷ್ಟೇ ಇರತ್ತೆ, ಮುಕ್ಕಾಲು ಕಥೆ ಇದರಲ್ಲೇ ಮುಗಿದುಹೋಗತ್ತೆ.

ಮೊದಲು ಬಿಎಂಡಬ್ಲ್ಯೂ ವಿಷ್ಯ ಮುಗಿಸ್ಬಿಡೋಣ. ಈ ಊರಲ್ಲಿ ಅದು ಬಹುಪಾಲು ಲೀಸ್ ಗಾಡಿ, ಮೂರು ವರ್ಷಕ್ಕೆ ವಾಪಸ್ ಕೊಡೋದು, ಅದ್ರಲ್ಲಿ ಅರ್ಧ ಬಿಸಿನೆಸ್ ಖರ್ಚಲ್ಲಿ ತೋರ್ಸಿರ್ತಾರೆ. ಅದನ್ನ ನೋಡಿ ಹೊಟ್ಟೆ ಉರ್ಕೋಬೇಡಿ. ಮೂರು ಮನೆ ಇದೆಯಲ್ಲ, ಅದು ಮಾತ್ರ ನಿಜವಾದ ಆಸ್ತಿ.

ಆರ್ಮೇನಿಯನ್ಸ್ ಅಂತ ಒಂದೇ ಉಸಿರಲ್ಲಿ ಹೇಳ್ತೀವಲ್ಲ, ಅವರು ಅವರವರಲ್ಲೇ ಹಾಗೆ ಹೇಳ್ಕೊಳಲ್ಲ. ಇರಾನಿಂದ ಬಂದೋರು ಪರ್ಸ್ಕಹಾಯ್, ಆರ್ಮೇನಿಯಾದಿಂದಲೇ ಬಂದೋರು ಹಾಯಸ್ತಾನ್ತ್ಸಿ, ಬೇರೂತಿನವರು ಇನ್ನೊಂದು ಗುಂಪು, ಮಾತಾಡೋ ಆರ್ಮೇನಿಯನ್ನೇ ಬೇರೆಬೇರೆ, ನಮ್ಮ ಮಂಗಳೂರು ಕನ್ನಡ ಧಾರವಾಡ ಕನ್ನಡಕ್ಕಿಂತಲೂ ದೂರ. ಲೆಬನಾನಲ್ಲಿ 1975ರಲ್ಲಿ ಅಂತರ್ಯುದ್ಧ ಶುರುವಾದಾಗ ಬಂದೋರು ನಾಲ್ಕು ಭಾಷೆ ಬಲ್ಲ ವ್ಯಾಪಾರಸ್ಥರು, ಅದ್ರಲ್ಲೂ ಬೇರೂತಿನ ಬುರ್ಜ್ ಹಮ್ಮೂದ್ ಕಡೆಯ ಚಿನ್ನದ ಕೆಲಸದೋರು ಬಂದು ಡೌನ್‌ಟೌನಿನ ಹಿಲ್ ಸ್ಟ್ರೀಟ್ ಸುತ್ತ ಬೆಂಚು ಹಾಕಿ ಕೂತ್ರು. 1979ರ ಕ್ರಾಂತಿ ಆದ್ಮೇಲೆ ಇರಾನಿಂದ ಬಂದೋರಲ್ಲಿ ಕೈಲಿ ಒಂದಿಷ್ಟು ಬಂಡವಾಳ, ಡಿಗ್ರಿ ಎರಡೂ ಇದ್ದೋರು ಜಾಸ್ತಿ. ಸೋವಿಯತ್ ಆರ್ಮೇನಿಯಾದಿಂದ 80ರ ದಶಕದ ಕೊನೆಲಿ ಬಂದೋರ ಕಥೆ ಪೂರ್ತಿ ಉಲ್ಟಾ. ಆ ದೇಶ ಬಿಡೋರು ದುಡ್ಡು ಹೊರಗೆ ತಗೊಂಡು ಹೋಗೋ ಹಾಗಿರ್ಲಿಲ್ಲ, 1988ರ ಡಿಸೆಂಬರಲ್ಲಿ ಸ್ಪಿಟಾಕ್ ಭೂಕಂಪ ಆಗಿ 25 ಸಾವಿರದಷ್ಟು ಜನ ಸತ್ರು, ಮೂರು ವರ್ಷಕ್ಕೆ ಸೋವಿಯತ್ ಯೂನಿಯನ್ನೇ ಇಲ್ಲ, ರೂಬಲ್ ಉಳಿತಾಯ ಕಾಗದ ಆಯ್ತು. ಇಂಜಿನಿಯರ್, ಮೇಷ್ಟ್ರು, ಮೋಚಿ ಎಲ್ಲಾ ಬರಿಗೈಲಿ, ಇಂಗ್ಲಿಷ್ ಇಲ್ದೆ ಬಂದಿಳಿದ್ರು.

ಇನ್ನು ಸರ್ಕಾರದ ದುಡ್ಡಿನ ಮಾತು. ಇದ್ರಲ್ಲಿ ಸುಳ್ಳು ಕಮ್ಮಿ, ತಪ್ಪು ಅರ್ಥ ಜಾಸ್ತಿ. ಸೋವಿಯತ್ ಕಡೆಯಿಂದ ಬಂದೋರಲ್ಲಿ ತುಂಬಾ ಜನ ರೆಫ್ಯೂಜಿ ಸ್ಟೇಟಸ್ಸಲ್ಲಿ ಬಂದೋರು, 2004ರ ನಂತರ ಇರಾನಿನ ಕ್ರಿಶ್ಚಿಯನ್ನರೂ ವಿಯೆನ್ನಾ ಮೂಲಕ ಅದೇ ದಾರೀಲಿ ಬಂದ್ರು. ಆಗ ರೆಫ್ಯೂಜಿ ಅಂದ್ರೆ ಇಳಿದ ಕೂಡ್ಲೇ ಒಂದಿಷ್ಟು ನಗದು, ಮೆಡಿಕಲ್ ಕಾರ್ಡು, ಇಂಗ್ಲಿಷ್ ಕ್ಲಾಸು, 65 ದಾಟಿದ ಅಜ್ಜ ಅಜ್ಜಿಗೆ ಎಸ್ಎಸ್ಐ ಅನ್ನೋ ತಿಂಗಳ ಭತ್ಯೆ. ಅವರ ವಿಮಾನದ ಟಿಕೆಟ್ ಕೂಡ ಸಾಲ, ಆಮೇಲೆ ಕಂತಲ್ಲಿ ತೀರಿಸ್ಬೇಕು, ಅದನ್ನ ಯಾರೂ ಹೇಳಲ್ಲ. 1996ರ ವೆಲ್ಫೇರ್ ಕಾನೂನು ಬಂದ್ಮೇಲೆ ರೆಫ್ಯೂಜಿಗೂ ಎಸ್ಎಸ್ಐ 7 ವರ್ಷ ಮಾತ್ರ, ಅಷ್ಟರೊಳಗೆ ಸಿಟಿಜನ್ ಆಗ್ಬೇಕು. ಆ ಭತ್ಯೆ ಯಾರನ್ನೂ ಸಾಹುಕಾರ ಮಾಡ್ಲಿಲ್ಲ, ಆದ್ರೆ ಒಂದು ಕೆಲಸ ಮಾಡ್ತು. ಅಜ್ಜಿಯ ಭತ್ಯೆ ದಿನಸಿಗೆ ಆಯ್ತು, ಅಜ್ಜಿ ಮನೇಲಿದ್ದು ಮಕ್ಕಳನ್ನ ನೋಡ್ಕೊಂಡ್ರು, ಮಗ ಸೊಸೆ ಇಬ್ರೂ ದುಡಿದು ಬಂದಿದ್ದರಲ್ಲಿ ಒಂದು ಸಂಬಳ ಮನೆ ಡೌನ್ ಪೇಮೆಂಟಿಗೆ ಹೋಯ್ತು.

ಮನೆ ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಗುಟ್ಟಿದೆ. 1978ರಲ್ಲಿ ಪ್ರಾಪೊಸಿಷನ್ 13 ಅಂತ ಪಾಸ್ ಮಾಡಿದ್ರು, ಅದರ ಪ್ರಕಾರ ಆಸ್ತಿ ತೆರಿಗೆ ನೀವು ಕೊಂಡ ಬೆಲೆಯ 1%, ಆ ಲೆಕ್ಕದ ಬೆಲೆ ವರ್ಷಕ್ಕೆ 2%ಗಿಂತ ಜಾಸ್ತಿ ಏರೋ ಹಾಗಿಲ್ಲ. ಉದಾಹರಣೆಗೆ ನಿಮ್ಮ ಓನರ್ 1986ರಲ್ಲಿ 1.8 ಲಕ್ಷ ಡಾಲರಿಗೆ ತಗೊಂಡಿದ್ರೆ ಇವತ್ತಿಗೂ ತೆರಿಗೆ ಲೆಕ್ಕದಲ್ಲಿ ಅದು 4 ಲಕ್ಷದ ಆಸುಪಾಸು, ವರ್ಷಕ್ಕೆ 4 ಸಾವಿರ ಕಟ್ತಾರೆ. ಅದೇ ಮನೆನ ಈಗ ನೀವು 12 ಲಕ್ಷಕ್ಕೆ ಕೊಂಡ್ರೆ 12 ಸಾವಿರ ಕಟ್ತೀರಿ. ಬಾಡಿಗೆ ಮಾತ್ರ ಇಬ್ರಿಗೂ ಇವತ್ತಿನ ರೇಟು. ಅಂದ್ರೆ ಓನರ್ ಜಾಣತನದ ಜೊತೆಗೆ ಅವರು ಬಂದ ವರ್ಷವೂ ಅವರಿಗೆ ದುಡಿದಿದೆ.

ಈಗ ನಿಮ್ಮ ಬಾಸ್ ಕಡೆಗೆ ಬನ್ನಿ. ಈಜಿಪ್ಟಿನಲ್ಲಿ ಅಧ್ಯಕ್ಷ ನಾಸರ್ ಕಾಲದಲ್ಲಿ ಕಾಲೇಜು ಓದು ಉಚಿತ ಮಾಡಿ, ಓದಿದೋರಿಗೆಲ್ಲಾ ಸರ್ಕಾರಿ ಕೆಲಸ ಗ್ಯಾರಂಟಿ ಅಂದ್ರು, ಡಾಕ್ಟರು ಇಂಜಿನಿಯರು ರಾಶಿ ರಾಶಿ ತಯಾರಾದ್ರು, ಸಂಬಳ ಮಾತ್ರ ಅಲ್ಲಾಡ್ಲಿಲ್ಲ. ಮೊದಲ ಸುತ್ತಲ್ಲಿ, ಅಂದ್ರೆ ಅಮೆರಿಕದ 1965ರ ಇಮಿಗ್ರೇಷನ್ ಕಾನೂನು ಬಂದು ಈಜಿಪ್ಟ್ ಇಸ್ರೇಲ್ ಎದುರು 1967ರ ಯುದ್ಧ ಸೋತ ಮೇಲೆ ಬಂದೋರು ಪ್ರೊಫೆಸರು, ಡಾಕ್ಟರು, ಕೆಮಿಸ್ಟ್ರಿ ನೊಬೆಲ್ ತಗೊಂಡ ಅಹ್ಮದ್ ಜೆವೈಲ್ ಕೂಡ ಓದೋಕೆ ಅಂತ ಬಂದೋರೇ, ಆ ತಲೆಮಾರು ಚೆನ್ನಾಗೇ ನೆಲೆ ಕಂಡ್ಕೊಳ್ತು. ಆಮೇಲಿನ ಸುತ್ತು ಬೇರೆ. 1990ರ ಕಾನೂನಿಂದ ಡೈವರ್ಸಿಟಿ ವೀಸಾ ಲಾಟರಿ ಶುರುವಾಯ್ತು, ಅದಕ್ಕೆ ಹೈಸ್ಕೂಲ್ ಓದು ಇಲ್ಲಾ ಎರಡು ವರ್ಷದ ಕಸುಬಿನ ಅನುಭವ ಇದ್ರೆ ಸಾಕಿತ್ತು, ವರ್ಷವರ್ಷ ಸಾವಿರಾರು ಈಜಿಪ್ಷಿಯನ್ನರು ಅದ್ರಲ್ಲಿ ಬಂದ್ರು, ಜೆರ್ಸಿ ಸಿಟಿ, ನ್ಯೂಯಾರ್ಕಿನ ಅಸ್ಟೋರಿಯಾ, ನ್ಯಾಶ್‌ವಿಲ್ ಎಲ್ಲಾ ಕಡೆ. 2011ರ ಕ್ರಾಂತಿಯ ನಂತರ ಅಸೈಲಂ, ಅಂದ್ರೆ ಆಶ್ರಯ ಕೇಳ್ಕೊಂಡು ಬಂದ ಕಾಪ್ಟಿಕ್ ಕ್ರಿಶ್ಚಿಯನ್ನರು ಇನ್ನೊಂದು ಗುಂಪು. ಲಾಟರಿ ಹೊಡೆದೋರಿಗೆ ಗ್ರೀನ್ ಕಾರ್ಡ್ ಸಿಗ್ತಿತ್ತು, ಅಷ್ಟೇ. ಟಿಕೆಟ್ ಸ್ವಂತದ್ದು, ಭತ್ಯೆ ಇಲ್ಲ, ಫೆಡರಲ್ ಸಹಾಯಕ್ಕೆ ಸಾಮಾನ್ಯವಾಗಿ 5 ವರ್ಷ ಕಾಯ್ಬೇಕಿತ್ತು, ಅಪ್ಪ ಅಮ್ಮನ್ನ ಜೊತೆಗೆ ಕರ್ಕೊಂಡು ಬರೋಕಾಗ್ತಿರ್ಲಿಲ್ಲ, ಹಾಗಾಗಿ ಮಗು ನೋಡ್ಕೊಳೋ ಅಜ್ಜಿನೂ ಇಲ್ಲ.

ಅದರ ಮೇಲೆ ಪೌಂಡು. ಕೈರೋದ ಬ್ಯಾಂಕಲ್ಲಿ 10 ಲಕ್ಷ ಈಜಿಪ್ಟಿಯನ್ ಪೌಂಡ್ ಇಟ್ಟಿದ್ದ ಸಂಸಾರಕ್ಕೆ 2016ರ ಅಕ್ಟೋಬರಲ್ಲಿ ಅದು ಸುಮಾರು 1.12 ಲಕ್ಷ ಡಾಲರ್. ನವೆಂಬರಲ್ಲಿ ಕರೆನ್ಸಿ ಫ್ಲೋಟ್ ಮಾಡಿದ್ರು, ಅಂದ್ರೆ ಪೌಂಡಿನ ಬೆಲೆನ ಮಾರ್ಕೆಟ್ಟಿಗೇ ಬಿಟ್ರು, ವರ್ಷ ಮುಗಿಯೋ ಹೊತ್ತಿಗೆ ಅರ್ಧ. 2024ರ ಮಾರ್ಚಲ್ಲಿ ಮತ್ತೆ ಬಿತ್ತು, ಅಷ್ಟೇ ಪೌಂಡ್ ಈಗ 20 ಸಾವಿರ ಡಾಲರಿನ ಹತ್ರ. ಒಬ್ಬ ಕ್ಲೈಂಟ್, ಕೈರೋದ ಐನ್ ಶಮ್ಸ್ ಯೂನಿವರ್ಸಿಟಿಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮಾಡಿದೋರು, ಇಲ್ಲಿ ಟ್ಯಾಕ್ಸಿ ಓಡಿಸ್ತಾರೆ. ಪ್ರತಿ ಮಾರ್ಚಲ್ಲಿ ನನ್ನ ಆಫೀಸಿಗೆ ಒಂದು ಶೂ ಬಾಕ್ಸ್ ತುಂಬಾ ಪೆಟ್ರೋಲ್ ರಸೀದಿ ತರ್ತಾರೆ, ತಿಂಗಳು ತಿಂಗಳಿಗೆ ಬೇರೆಬೇರೆ ರಬ್ಬರ್ ಬ್ಯಾಂಡ್, ಮೇಲೆ ಗ್ರಾಫ್ ಪೇಪರಲ್ಲಿ ಮೈಲೇಜ್ ಪ್ಲಾಟ್ ಮಾಡಿರ್ತಾರೆ. ಆ ಗ್ರಾಫ್ ನೋಡಿದಾಗ್ಲೆಲ್ಲಾ ಹೊಟ್ಟೆಲಿ ಏನೋ ಆಗತ್ತೆ. ಸಾಮಾನ್ಯವಾಗಿ ಅವರು ಬರೋ ಟೈಮಿಗೆ ಈಸ್ಟರ್ ಮುಂಚಿನ ಉಪವಾಸ, ಕಾಪ್ಟರು 55 ದಿನ ಹಾಲು ಮೊಟ್ಟೆ ಮಾಂಸ ಮುಟ್ಟಲ್ಲ, ಹಾಗಾಗಿ ನನ್ನ ಜೊತೆ ನಿಶ್ಚಿಂತೆಯಾಗಿ ಚಿತ್ರಾನ್ನ ತಿನ್ನೋ ಕ್ಲೈಂಟ್ ಅವರೊಬ್ಬರೇ.

ಈಜಿಪ್ಟಿಂದ ಬಂದ ವಯಸ್ಕರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಡಿಗ್ರಿ ಆದೋರು, ಅಮೆರಿಕನ್ನರ ಸರಾಸರಿಗಿಂತ ಎಷ್ಟೋ ಮೇಲೆ. ಆದ್ರೂ ಆದಾಯ ಅದಕ್ಕೆ ತಕ್ಕ ಹಾಗೆ ಕಾಣಲ್ಲ ಯಾಕಂದ್ರೆ ಡಿಗ್ರಿಗೂ ಲೈಸೆನ್ಸಿಗೂ ಮಧ್ಯೆ ಒಂದು ಹೊಳೆ ಇದೆ. ಬಾಸ್ ಹೆಂಡ್ತಿನೇ ನೋಡಿ. ಡಾಕ್ಟರಿಗೆ ಪರೀಕ್ಷೆ ಪಾಸಾದ್ರೂ ರೆಸಿಡೆನ್ಸಿ ಅನ್ನೋ ಆಸ್ಪತ್ರೆ ತರಬೇತಿಯ ಸೀಟ್ ಸಿಗ್ಬೇಕು, ಓದು ಮುಗಿದು ಹತ್ತು ವರ್ಷ ಆದೋರಿಗೆ ಅದು ಸಿಗೋದು ಬಹಳ ಕಷ್ಟ. ಬಂಗಾರದ ಕೆಲಸದೋನಿಗೆ ಈ ತಾಪತ್ರಯ ಇಲ್ಲ. ಹಿಲ್ ಸ್ಟ್ರೀಟಲ್ಲಿ ಒಬ್ರು ಮುದುಕರ ಬೆಂಚ್ ಹತ್ರ ನಾನು ಲೆಡ್ಜರ್ ತಗೊಳೋಕೆ ಹೋಗ್ತಿರ್ತೀನಿ, ಮೇಜಿನ ಕೆಳಗೆ ತೊಡೆ ಮೇಲೆ ಚರ್ಮದ ಜೋಳಿಗೆ ಕಟ್ಕೊಂಡಿರ್ತಾರೆ, ಅರ ಹಾಕಿದ ಚಿನ್ನದ ಪುಡಿ ಅದ್ರೊಳಗೆ ಬೀಳ್ಲಿ ಅಂತ, ಸಂಜೆ ಕುಂಚದಲ್ಲಿ ಗುಡಿಸಿ ಡಬ್ಬಿಗೆ ತುಂಬ್ತಾರೆ. ಥೇಟ್ ನಮ್ಮೂರ ಅಕ್ಕಸಾಲಿಗರ ಹಾಗೇ. ಬಂದ ಎರಡನೇ ವಾರವೇ ಅವರು ಕೂತು ಕಲ್ಲು ಕೂರಿಸ್ತಿದ್ರಂತೆ, ಯಾರೂ ಸರ್ಟಿಫಿಕೇಟ್ ಕೇಳ್ಲಿಲ್ಲ. ಕೈಕೆಲಸ ಗಡಿ ದಾಟತ್ತೆ, ವೈಟ್ ಕಾಲರ್ ಡಿಗ್ರಿ ಕಸ್ಟಮ್ಸಲ್ಲೇ ಸಿಕ್ಕಾಕ್ಕೊಳತ್ತೆ.

ನಿಮ್ಮ ಬಾಸ್ ಲೈಸೆನ್ಸ್ ಇದ್ದೂ ಯಾಕೆ ಸಾಲದಲ್ಲಿದಾರೆ ಅಂದ್ರೆ, ಅದಕ್ಕೂ ಈಜಿಪ್ಟಿಗೂ ಸಂಬಂಧ ಇಲ್ಲ. ಸಣ್ಣ ಫಾರ್ಮಸಿಗೆ ಔಷಧಿ ದುಡ್ಡು ವಾಪಸ್ ಕೊಡೋದು ಪಿಬಿಎಂ ಅನ್ನೋ ಮಧ್ಯವರ್ತಿ ಕಂಪನಿಗಳು, ಮೂರೇ ಮೂರು ದೊಡ್ಡ ಕಂಪನಿ ಸೇರಿ ದೇಶದ ಸುಮಾರು 80% ಪ್ರಿಸ್ಕ್ರಿಪ್ಷನ್ ನಡೆಸ್ತಾವೆ, ಅವರು ಕೊಟ್ಟಿದ್ದೇ ರೇಟು. ಎಷ್ಟೋ ದುಬಾರಿ ಮಾತ್ರೆಗೆ ಅಂಗಡಿಯೋರು ಕೊಂಡಿದ್ದಕ್ಕಿಂತ ಕಮ್ಮಿ ವಾಪಸ್ ಬರತ್ತೆ. ವಹಿವಾಟು ಕೋಟಿಲಿ ಕಾಣತ್ತೆ, ಉಳಿಯೋದು ಕೊತ್ತಂಬರಿ ಸೊಪ್ಪಿನ ವ್ಯಾಪಾರದಷ್ಟು. ರೈಟ್ ಏಡ್‌ನಂಥ ದೊಡ್ಡ ಫಾರ್ಮಸಿ ಕಂಪನಿನೇ 2023ರಲ್ಲಿ ದಿವಾಳಿ ಅರ್ಜಿ ಹಾಕ್ತು ಅಂದ್ಮೇಲೆ.

ಅಂಕಿಅಂಶ ಇಟ್ಕೊಂಡು ಇವರು ಶ್ರೀಮಂತ್ರು ಅವರು ಬಡವ್ರು ಅನ್ನೋರಿಗೂ ಒಂದು ಮಾತು. ಹುಟ್ಟಿದ ದೇಶ ನೋಡಿ ಎಣಿಸಿದ್ರೆ ಟೆಹ್ರಾನಲ್ಲಿ ಹುಟ್ಟಿದ ಆರ್ಮೇನಿಯನ್ ಇರಾನ್ ಲೆಕ್ಕಕ್ಕೆ ಹೋಗ್ತಾನೆ. ವಂಶ ಕೇಳಿ ಎಣಿಸಿದ್ರೆ ನೂರು ವರ್ಷದ ಹಿಂದೆ ಫ್ರೆಸ್ನೋಗೆ ಬಂದು ದ್ರಾಕ್ಷಿ ಬೆಳೆದೋರ ಮರಿಮಕ್ಕಳೂ ಆರ್ಮೇನಿಯನ್ ಲೆಕ್ಕಕ್ಕೇ ಬರ್ತಾರೆ, ಅವರ ಆದಾಯ ಮೊನ್ನೆ ಬಂದ ಈಜಿಪ್ಟಿನೋರ ಜೊತೆ ಹೋಲಿಸಿದ್ರೆ ಏನು ಅರ್ಥ? ಇನ್ನು ಕೈರೋ ಆರ್ಮೇನಿಯನ್ನರನ್ನ ಎಲ್ಲಿ ಹಾಕ್ತೀರಿ? ಈಜಿಪ್ಟಿನ ಮೊದಲ ಪ್ರಧಾನಿ ನುಬಾರ್ ಪಾಶಾ ಆರ್ಮೇನಿಯನ್. ಅವರ ಮಗ ಬೋಘೋಸ್ ನುಬಾರ್ 1906ರಲ್ಲಿ ಕೈರೋದಲ್ಲಿ ಶುರು ಮಾಡಿದ ಆರ್ಮೇನಿಯನ್ ಜನರಲ್ ಬೆನವೊಲೆಂಟ್ ಯೂನಿಯನ್ ಇವತ್ತಿಗೂ ಶಾಲೆ ನಡೆಸತ್ತೆ, ಸ್ಕಾಲರ್‌ಶಿಪ್ ಕೊಡತ್ತೆ. 1961ರಲ್ಲಿ ನಾಸರ್ ಅಂಗಡಿ ಫ್ಯಾಕ್ಟರಿ ರಾಷ್ಟ್ರೀಕರಣ ಮಾಡಿದಾಗ ಅಲ್ಲಿನ ಆರ್ಮೇನಿಯನ್ನರಲ್ಲಿ ತುಂಬಾ ಜನ ಕೆನಡಾ, ಅಮೆರಿಕ ಅಂತ ಹೊರಟ್ರು. ನಿಮ್ಮ ಬಾಸ್‌ಗೂ ಓನರ್‌ಗೂ ಹಳೇ ನೆಂಟಸ್ತನ ಇದೆ ಅನ್ನಿ.

ಫ್ರೆಸ್ನೋ ಅಂದಾಗ ನಮ್ಮೋರ ಕಥೆನೂ ನೆನಪಾಗತ್ತೆ. ಆಗ ಬಿಳಿಯರಿಗೆ, ಕರಿಯರಿಗೆ ಮಾತ್ರ ಪೌರತ್ವ, ಪೌರತ್ವಕ್ಕೆ ಅರ್ಹತೆ ಇಲ್ದೋರಿಗೆ ಕ್ಯಾಲಿಫೋರ್ನಿಯಾದಲ್ಲಿ ಜಮೀನಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನೋ ಪಂಜಾಬಿ ಸುಪ್ರೀಂ ಕೋರ್ಟಲ್ಲಿ ಸೋತ್ರು, ಭಾರತೀಯರು ಬಿಳಿಯರಲ್ಲ ಅಂತ ತೀರ್ಪು. 1925ರಲ್ಲಿ ಪೋರ್ಟ್‌ಲ್ಯಾಂಡಿನ ರತ್ನಗಂಬಳಿ ವ್ಯಾಪಾರಿ ಕಾರ್ಟೋಜಿಯನ್ ಕೇಸಲ್ಲಿ ಆರ್ಮೇನಿಯನ್ನರು ಗೆದ್ರು. ಫ್ರೆಸ್ನೋದಲ್ಲಿ ಒಳ್ಳೇ ಬಡಾವಣೆಲಿ ಅವರಿಗೆ ಮನೆ ಮಾರಬಾರ್ದು ಅಂತ ಕರಾರು ಇದ್ರೂ ತೋಟ ಅವರ ಹೆಸರಲ್ಲೇ ಉಳೀತು, ಪಂಜಾಬಿಗಳು ಬೇರೆಯೋರ ಹೆಸರಲ್ಲಿ ಉಳಬೇಕಾಯ್ತು. ಒಂದು ತೀರ್ಪು, ಎರಡು ತಲೆಮಾರಿನ ಆಸ್ತಿ.

ಈಗ್ಲೂ ಬಾಗಿಲು ಬೇರೆಬೇರೆನೇ. ಈಜಿಪ್ಟ್, ಆರ್ಮೇನಿಯಾ ಎರಡಕ್ಕೂ ಅಮೆರಿಕದ ಜೊತೆ ಇ-2 ಒಪ್ಪಂದ ಇದೆ, ಅಂದ್ರೆ ಬಂಡವಾಳ ಹಾಕಿ ಬಿಸಿನೆಸ್ ವೀಸಾ ಕೇಳೋ ದಾರಿ, ಭಾರತಕ್ಕೆ ಅದಿಲ್ಲ. ಡೈವರ್ಸಿಟಿ ಲಾಟರಿಗೆ ನಾವು ಅರ್ಜಿನೇ ಹಾಕೋ ಹಾಗಿರ್ಲಿಲ್ಲ, ಜನ ಜಾಸ್ತಿ ಅಂತ. ಗ್ರೀನ್ ಕಾರ್ಡಿಗೆ ದೇಶಕ್ಕೆ 7% ಮಿತಿ, ನಿಮ್ಮ ಯಜಮಾನ್ರು ಆ ಕ್ಯೂನಲ್ಲೇ ಇರ್ತಾರೆ. ಸಂಬಳ ನಿಮ್ಮ ಮನೇಲಿ ಜಾಸ್ತಿ ಇರ್ಬೋದು, ಕಾಲ ಕೆಳಗಿನ ನೆಲ ಮಾತ್ರ ಅವರಿಗೇ ಗಟ್ಟಿ. ಮುಂದಿನದೆಲ್ಲಾ ಇದನ್ನ ತಲೇಲಿಟ್ಕೊಂಡೇ ಓದಿ.

ಲೈಸೆನ್ಸ್ ಪರೀಕ್ಷೆ: ಇಲ್ಲಿ ಬೇಜಾರಿನ ಸುದ್ದಿ ಹೇಳ್ಬೇಕು. ವಿದೇಶಿ ಫಾರ್ಮಸಿಸ್ಟುಗಳು ಬರೆಯೋ ಎಫ್‌ಪಿಜಿಇಇ ಪರೀಕ್ಷೆಗೆ, 2003ರ ಜನವರಿ 1ರ ನಂತರ ಪಾಸಾದೋರಿಗೆ ಕನಿಷ್ಠ 5 ವರ್ಷದ ಫಾರ್ಮಸಿ ಪದವಿ ಬೇಕು. ಈಜಿಪ್ಟಿನ ಬಿ.ಫಾರ್ಮ್ 5 ವರ್ಷದ್ದು, ನಮ್ಮದು 4. ಬಾಸ್ ದಾಟಿದ ಸೇತುವೆ ನಿಮ್ಮ ಪಾಲಿಗೆ ಇಲ್ಲ, ಎಂ.ಫಾರ್ಮ್ ಸೇರಿಸಿದ್ರೂ ಆ ಲೆಕ್ಕ ತುಂಬಲ್ಲ. ನೀವು ಅವರಿಗಿಂತ ಕಮ್ಮಿ ಓದಿದೋರು ಅಂತಲ್ಲ, ಒಂದು ವರ್ಷದ ಲೆಕ್ಕಾಚಾರ ಅಷ್ಟೇ. ನಮ್ಮಲ್ಲಿ 2008ರಲ್ಲಿ 6 ವರ್ಷದ ಫಾರ್ಮ್ ಡಿ ಶುರು ಮಾಡಿದ್ರಲ್ಲ, ಅದನ್ನ ಓದಿದೋರು ನಿಮ್ಮ ನೆಂಟರಲ್ಲಿ ಯಾರಾದ್ರೂ ಇದ್ರೆ ಅವರಿಗೆ ಈ ದಾರಿ ತೆರೆದಿದೆ. ನಿಮಗೆ ಉಳಿಯೋದು ಇಲ್ಲೇ ಫಾರ್ಮ್ ಡಿ ಓದೋದು. ಸಾಮಾನ್ಯವಾಗಿ 4 ವರ್ಷ, ಖಾಸಗಿ ಕಾಲೇಜಾದ್ರೆ ಫೀಸೇ 2 ಲಕ್ಷ ಡಾಲರ್ ದಾಟೋದು ಮಾಮೂಲು. ಅಷ್ಟು ಸಾಲ ಮಾಡಿ, ನಡುವೆ ಯಜಮಾನ್ರ ಕೆಲಸ ಹೋಗಿ ಸ್ಟೇಟಸ್ಸೇ ಅಲ್ಲಾಡಿದ್ರೆ? ಗ್ರೀನ್ ಕಾರ್ಡ್ ಕೈಗೆ ಬಂದ್ಮೇಲೆ ನೋಡಿ, ಅಲ್ಲೀವರೆಗೆ ನಾನಂತೂ ಬೇಡ ಅಂತೀನಿ.

ಬೇಕರಿ: ಎಚ್-4 ಇಎಡಿಲಿ ಸ್ವಂತ ಬಿಸಿನೆಸ್ ಮಾಡೋಕೆ ಅಡ್ಡಿ ಇಲ್ಲ. ಆದ್ರೆ ಅವರ ಬೇಕರಿ ಲಾಭ ಎಲ್ಲಿಂದ ಬರ್ತಿದೆ ನೋಡಿ. ಬೆಳಗಿನ ಜಾವ 4ಕ್ಕೆ ಹಿಟ್ಟು ಕಲಸೋ ಮಾವ, ಕೌಂಟರಲ್ಲಿ ಅತ್ತಿಗೆ, ಶನಿವಾರ ಕಾಲೇಜು ಮಕ್ಕಳು, ಇವರಲ್ಲಿ ಎಷ್ಟು ಜನಕ್ಕೆ ಸಂಬಳ ಪುಸ್ತಕದಲ್ಲಿದೆ? ಆ ಬಿಟ್ಟಿ ಕೂಲಿನೇ ಲಾಭ. ನಿಮ್ಮ ಪಾಲಿಗೆ ಅತ್ತಿಗೆನೂ ಇಲ್ಲ ಮಾವನೂ ಇಲ್ಲ. ಪಾಲು 50%ಗಿಂತ ಕಮ್ಮಿ ಇದ್ರೆ ಲಾಭ ಹಂಚೋದು ಅವರ ಇಷ್ಟ, ಟ್ಯಾಕ್ಸ್ ಮಾತ್ರ ನಿಮ್ಮ ಪಾಲಿನ ಲಾಭದ ಮೇಲೆ, ದುಡ್ಡು ಕೈಗೆ ಬಂದಿರ್ಲಿ ಬಿಡ್ಲಿ. ನನ್ನ ಹತ್ರ ಒಬ್ಬ ಕನ್ನಡದ ಹುಡುಗ ಹೀಗೇ ಬಾಯಿಮಾತಲ್ಲಿ ಒಂದು ಹೋಟೆಲಿಗೆ ದುಡ್ಡು ಹಾಕಿ, ಎರಡು ವರ್ಷ ಬರದ ಲಾಭಕ್ಕೆ ಟ್ಯಾಕ್ಸ್ ಕಟ್ಟಿ ಸಾಕಾಗಿ ಹೋದ. ಪಾಲುದಾರರು ಕೆಟ್ಟೋರೇನಲ್ಲ, ಯಾರೂ ಏನೂ ಬರ್ಕೊಂಡಿರ್ಲಿಲ್ಲ ಅಷ್ಟೇ. ಆಸೆ ಇದ್ರೆ ಮೂರು ವರ್ಷದ ಟ್ಯಾಕ್ಸ್ ರಿಟರ್ನ್, ಅಂಗಡಿ ಲೀಸು, ಎಲ್ಎಲ್‌ಸಿ ಕರಾರು, ಅಂದ್ರೆ ಪಾಲುದಾರರ ಕಂಪನಿಯ ಒಪ್ಪಂದ ಕೇಳಿ. ಸಂಕೋಚ ಬೇಡ, ಅವರೂ ನಿಮ್ಮ ಜಾಗದಲ್ಲಿದ್ರೆ ಕೇಳೋರೇ.

ಗಮೆಯ್ಯಾ: ಇದು ನಮ್ಮ ಚೀಟಿನೇ, ಹರಾಜು ಇಲ್ದೆ ಇರೋದು. ಹತ್ತು ಜನ ತಿಂಗಳಿಗೆ ಸಾವಿರ ಡಾಲರ್ ಹಾಕಿ, ಸರದಿ ಪ್ರಕಾರ ಒಬ್ಬೊಬ್ರು ಹತ್ತು ಸಾವಿರ ಎತ್ತೋದು, ಬಡ್ಡಿ ಇಲ್ಲ, ಕಾಗದ ಇಲ್ಲ. ಈಜಿಪ್ಟಿನಲ್ಲಿ ಮದುವೆ, ಮನೆ ಅಡ್ವಾನ್ಸ್ ಎಲ್ಲಾ ಇದ್ರಲ್ಲೇ ನಡೆಯತ್ತೆ. ನೀವು ಹಾಕಿದ್ದೇ ನಿಮಗೆ ಬರೋದ್ರಿಂದ ಟ್ಯಾಕ್ಸ್ ಇಲ್ಲ. ಅಪಾಯ ಒಂದೇ, ಮೊದಲು ಎತ್ತಿದೋರು ಆಮೇಲೆ ಕಟ್ಟದೆ ಇರೋದು, ಅದಕ್ಕೆ ಕೊನೇ ಸರದಿ ಒಪ್ಕೋಬೇಡಿ, ಮಧ್ಯದ್ದು ಕೇಳಿ. ನಗದಲ್ಲಿ ಬಂದ್ರೆ ಒಟ್ಟಿಗೆ ಬ್ಯಾಂಕಿಗೆ ಹಾಕಿ. 10 ಸಾವಿರ ದಾಟಿದ್ರೆ ಬ್ಯಾಂಕಿನೋರು ಸರ್ಕಾರಕ್ಕೆ ಒಂದು ಫಾರಂ ಕಳಿಸ್ತಾರೆ, ಕಳಿಸ್ಲಿ ಬಿಡಿ. ಅದನ್ನ ತಪ್ಪಿಸೋಕೆ ಅಂತ ಐದು ಸಾವಿರ ಐದು ಸಾವಿರ ಮಾಡಿ ಹಾಕಿದ್ರೆ ಅದೇ ಅಪರಾಧ, ದುಡ್ಡು ಎಷ್ಟೇ ಪ್ರಾಮಾಣಿಕ ಆಗಿದ್ರೂ.

ನೀವು ಕೇಳದೇ ಇರೋ ಇನ್ನೊಂದು ದಾರಿ ಇದೆ, ನಾನು ಹೇಳೋದೂ ಅದನ್ನೇ. ಎಂ.ಫಾರ್ಮ್ ಇಟ್ಕೊಂಡು ಕೌಂಟರ್ ಹಿಂದೆ ಮಾತ್ರೆ ಎಣಿಸ್ತಾ ಇದೀರಲ್ಲ, ಔಷಧಿ ಕಂಪನಿಗಳಲ್ಲಿ ಡ್ರಗ್ ಸೇಫ್ಟಿ, ರೆಗ್ಯುಲೇಟರಿ, ಕ್ವಾಲಿಟಿ, ಕ್ಲಿನಿಕಲ್ ಟ್ರಯಲ್ ಕೋಆರ್ಡಿನೇಟರ್ ಕೆಲಸಗಳಿಗೆ ರಾಜ್ಯದ ಫಾರ್ಮಸಿಸ್ಟ್ ಲೈಸೆನ್ಸ್ ಬೇಕಿಲ್ಲ, ನಿಮ್ಮ ಓದು ಅಲ್ಲಿ ನೇರವಾಗಿ ಲೆಕ್ಕಕ್ಕೆ ಬರತ್ತೆ. ಆಮ್ಜೆನ್ ಅನ್ನೋ ದೊಡ್ಡ ಔಷಧಿ ಕಂಪನಿ ಇರೋ ಥೌಸಂಡ್ ಓಕ್ಸ್ ನಿಮ್ಮನೆಯಿಂದ ಒಂದು ಗಂಟೆ ದಾರಿ, ಸುತ್ತ ಸಣ್ಣ ಕಂಪನಿಗಳೂ ಇದಾವೆ. ಮೊದಲು ಕಾಂಟ್ರಾಕ್ಟ್ ಕೆಲಸವೇ ಸಿಗೋದು, ಇಎಡಿ ರಿನ್ಯೂವಲ್ ತಡವಾದ್ರೆ ನಡುವೆ ನಿಲ್ಬೋದು, ಆ ರಿಸ್ಕ್ ಇದ್ದೇ ಇದೆ. ಆದ್ರೆ ಇದ್ರಲ್ಲಿ ಕಳ್ಕೊಳೋದು ಹೆಚ್ಚಂದ್ರೆ ಆರು ತಿಂಗಳು, 60 ಸಾವಿರ ಡಾಲರಂತೂ ಅಲ್ಲ. ರೆಸ್ಯೂಮೆಲಿ ಟೆಕ್ನಿಷಿಯನ್ ಅನ್ನೋದನ್ನ ಕೆಳಗೆ ಹಾಕಿ, ಎಂ.ಫಾರ್ಮ್ ಥೀಸಿಸ್ ವಿಷಯ ಮೇಲೆ ಬರ್ಲಿ.

ಇಷ್ಟು ಹೇಳಿದ್ಮೇಲೂ ಬೇಕರಿಗೇ ಮನಸ್ಸಿದ್ರೆ ಅಂಗಡಿ ಲೀಸಿನ ಕಾಪಿ ತರಿಸ್ಕೊಂಡು ಕೊನೇ ಪುಟಗಳನ್ನ ಮೊದಲು ಓದಿ. ಪರ್ಸನಲ್ ಗ್ಯಾರಂಟಿ, ಅಂದ್ರೆ ಅಂಗಡಿ ಬಾಡಿಗೆ ಬಾಕಿ ಬಿದ್ರೆ ಸ್ವಂತ ಜೇಬಿಂದ ಕಟ್ತೀನಿ ಅನ್ನೋ ಮಾತು, ಸಾಮಾನ್ಯವಾಗಿ ಸಹಿಯ ಪಕ್ಕದಲ್ಲೇ ಎಲ್ಲೋ ಇರತ್ತೆ, ಅದ್ರಲ್ಲಿ ನಿಮ್ಮ ಯಜಮಾನ್ರ ಹೆಸರಿಗೂ ಜಾಗ ಬಿಟ್ಟಿದಾರಾ ನೋಡಿ.